ಕೊಟ್ಟ ಮಾತಿನ ಮೇಲೆ ನಿಂತ ಟಾಟಾ ಇನ್‌ಸ್ಟಿಟ್ಯೂಟ್

ಮುಂಬೈಯಿಂದ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್ ಸೊಲ್ಲಾಪುರ ದಾಟಿ, ಅಕ್ಕಲಕೋಟೆ ಸೀಮೆಯನ್ನು ಹಾದು ಬೆಂಗಳೂರಿಗೆ ಹೋಗುತ್ತದೆ. ಆ ಸೀಮೆಯ ಚಪಳಗಾಂವದ ಕಡೆಯಿಂದ ಈ ದಾರಿ ಹಿಡಿದು ಬೆಂಗಳೂರು ಸೇರಿದವರು ನೋಡಲೇಬೇಕಾದ ಜಾಗ ಭಾರತೀಯ ವಿಜ್ಞಾನ ಸಂಸ್ಥೆ. ಬೆಂಗಳೂರಿನ ಹಳಬರಿಗೆ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಮುಂಬೈಯ ಹಣ, ಮೈಸೂರಿನ ಭೂಮಿ ಕೂಡಿ ಕಟ್ಟಿದ ಈ ವಿದ್ಯಾಲಯ ನೆಲದ ಮೇಲೆ ಏಳುವ ಮುಂಚೆ ಹತ್ತಕ್ಕೂ ಹೆಚ್ಚು ವರ್ಷ ಕಾಗದಪತ್ರದಲ್ಲೇ ಬದುಕಿತ್ತು.

ಉನ್ನತ ಸಂಶೋಧನೆಗೆಂದೇ ಒಂದು ವಿಶ್ವವಿದ್ಯಾಲಯ ಬೇಕೆಂದು ಜಮ್‌ಶೇಟ್‌ಜಿ ಟಾಟಾ 1898ರಲ್ಲಿ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಮುಡಿಪಿಡಲು ಮುಂದಾದರು. ಆ ವರ್ಷದ ನವೆಂಬರ್ 23ರಂದು ಸ್ವಾಮಿ ವಿವೇಕಾನಂದರಿಗೆ ಪತ್ರ ಬರೆದು ಬೆಂಬಲ ಕೇಳಿದರು. ಜಮ್‌ಶೇಟ್‌ಜಿಯವರ ಬಲಗೈಯಾಗಿದ್ದ ಬುರ್ಜೋರ್ಜಿ ಪಾದಶಾ ಪರದೇಶದ ವಿಶ್ವವಿದ್ಯಾಲಯಗಳನ್ನು ನೋಡಿ ಬಂದು ಯೋಜನೆಯ ಕರಡು ಸಿದ್ಧಪಡಿಸಿದ್ದರು. ಡಿಸೆಂಬರ್ 31ರಂದು ನಿಯೋಗವೊಂದು ನಿಯೋಜಿತ ವೈಸರಾಯ್ ಲಾರ್ಡ್ ಕರ್ಜನ್‌ರನ್ನು ಕಂಡು ಆ ಕರಡನ್ನು ಒಪ್ಪಿಸಿತು.

ಕರ್ಜನ್‌ಗೆ ಎರಡು ಅನುಮಾನ: ಇಂಥ ಓದಿಗೆ ತಕ್ಕ ವಿದ್ಯಾರ್ಥಿಗಳು ಸಿಗುತ್ತಾರೆಯೇ? ಓದಿ ಬಂದವರಿಗೆ ಕೆಲಸ ಎಲ್ಲಿದೆ? ಅಲ್ಲಿಂದ ಪತ್ರವ್ಯವಹಾರ ಬೆಳೆಯುತ್ತಲೇ ಹೋಯಿತು. 1900ರಲ್ಲಿ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ ದೇಶ ಸುತ್ತಿ, ಬೆಂಗಳೂರೇ ಸರಿಯಾದ ಜಾಗ ಎಂದರು. ಮರುವರ್ಷ ಮ್ಯಾಸನ್ ಮತ್ತು ಕ್ಲಿಬರ್ನ್ ಎಂಬ ಇಬ್ಬರು ತಜ್ಞರ ಸಮಿತಿ ಇಡೀ ಯೋಜನೆಯನ್ನು ಮತ್ತೆ ಪರಿಶೀಲಿಸಿತು.

ಮೈಸೂರು ಸಂಸ್ಥಾನ ಕೈ ಹಿಡಿದದ್ದು ಈ ಹೊತ್ತಿನಲ್ಲಿ. ಆಗ ರಾಜಮಾತೆ ಕೆಂಪನಂಜಮ್ಮಣ್ಣಿಯವರ ಆಡಳಿತ, ಶೇಷಾದ್ರಿ ಅಯ್ಯರ್ ದಿವಾನರು. ಸಂಸ್ಥಾನದಿಂದ ಕೊನೆಗೆ ದೊರೆತದ್ದು 371 ಎಕರೆ ಭೂಮಿ, ಕಟ್ಟಡಕ್ಕೆ 5 ಲಕ್ಷ ರೂಪಾಯಿ, ವರ್ಷಕ್ಕೆ 50 ಸಾವಿರ ರೂಪಾಯಿ ಅನುದಾನ.

ಮಂಜೂರಾತಿ ಬರುವಷ್ಟರಲ್ಲಿ ಮುಖ್ಯರಾದವರೇ ಉಳಿದಿರಲಿಲ್ಲ. ಶೇಷಾದ್ರಿ ಅಯ್ಯರ್ 1901ರಲ್ಲಿ, ಜಮ್‌ಶೇಟ್‌ಜಿ 1904ರಲ್ಲಿ ತೀರಿಕೊಂಡರು. ಆದರೂ ಯಾರೂ ಮಾತು ತಪ್ಪಲಿಲ್ಲ. ಮಕ್ಕಳಾದ ದೊರಾಬ್ಜಿ ಮತ್ತು ರತನ್ ತಂದೆ ಮುಡಿಪಿಟ್ಟದ್ದನ್ನು ಹಾಗೆಯೇ ಒಪ್ಪಿಸಿದರು. ದಿವಾನರು ಬದಲಾದರೂ ಮೈಸೂರು ಕೊಡುವುದನ್ನು ಕೊಟ್ಟಿತು. 1909ರ ಮೇ 27ರಂದು ಸರ್ಕಾರದ ಆದೇಶ ಹೊರಬಿತ್ತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು. ಅದೇ ವರ್ಷದ ಜುಲೈನಲ್ಲಿ, ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಕಾಲದಲ್ಲಿ, ರಸಾಯನವಿಜ್ಞಾನ ಮತ್ತು ವಿದ್ಯುತ್ ವಿಭಾಗಗಳಿಗೆ 24 ವಿದ್ಯಾರ್ಥಿಗಳು ಸೇರಿದರು. ಕರ್ಜನ್ ಎತ್ತಿದ್ದ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೀಗೆ. 1933ರಲ್ಲಿ ಸಿ.ವಿ. ರಾಮನ್ ಇಲ್ಲಿನ ಮೊದಲ ಭಾರತೀಯ ನಿರ್ದೇಶಕರಾದರು.

ಇಂದು ಒಳಗೆ ಕಾಲಿಟ್ಟರೆ ಗುಲ್ಮೊಹರ್, ಮಹೋಗನಿ ಮರಗಳ ಹೆಸರು ಹೊತ್ತ ನೆರಳಿನ ರಸ್ತೆಗಳು. ಗೋಪುರ ಹೊತ್ತ ಬೂದುಗಲ್ಲಿನ ಮುಖ್ಯ ಕಟ್ಟಡವನ್ನು ವಿನ್ಯಾಸಗೊಳಿಸಿದ್ದು ಮುಂಬೈಯ ಸ್ಟೀವನ್ಸ್ ಕಂಪನಿ. ಅದರ ಎದುರಿಗೆ ಶಿಲ್ಪಿ ಗಿಲ್ಬರ್ಟ್ ಬೇಯ್ಸ್ ರೂಪಿಸಿದ ಜಮ್‌ಶೇಟ್‌ಜಿ ಸ್ಮಾರಕವಿದೆ. ಸಂಸ್ಥೆಯ ಹೆಸರಿನಲ್ಲಿ ಮಾತ್ರ ಟಾಟಾ ಎಂಬುದಿಲ್ಲ. ತಮ್ಮ ಹೆಸರಿಡುವುದು ಜಮ್‌ಶೇಟ್‌ಜಿಯವರಿಗೇ ಬೇಕಿರಲಿಲ್ಲ.

ವರ್ಷಕ್ಕೊಮ್ಮೆ ನಡೆಯುವ ‘ಓಪನ್ ಡೇ’ಯಂದು ಪ್ರಯೋಗಾಲಯಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಮೆಜೆಸ್ಟಿಕ್‌ನಿಂದ ಮಲ್ಲೇಶ್ವರದ ಮೇಲೆ ಹೋಗುವ ಬಸ್ಸು ಹತ್ತಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದರೆ ಸಾಕು. ಅಕ್ಕಲಕೋಟೆಯಂಥ ಗಡಿಭಾಗದ ಶಾಲೆಗಳ ಮೇಷ್ಟ್ರುಗಳು ಮಕ್ಕಳನ್ನು ಆ ದಿನ ಇಲ್ಲಿಗೆ ಕರೆತರಬೇಕು. ಪ್ರಯೋಗಗಳನ್ನು ತೋರಿಸುವುದರ ಜೊತೆಗೆ ಈ ಕಥೆಯನ್ನೂ ಹೇಳಬೇಕು. ಊರಿನ ಶಾಲೆಗೊಂದು ಕೋಣೆ ಕಟ್ಟಿಸಲು ಅರ್ಜಿ ಹಿಡಿದು ಅಲೆಯುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆಲ್ಲಿ ಸಿಕ್ಕೀತು?