ಸಮುದ್ರವಿಲ್ಲದ ಊರಲ್ಲಿ ದೈತ್ಯ ಚಿಪ್ಪಿನ ಆಸೆ

ಹೈದರಾಬಾದಿನಿಂದ ಮಚಲೀಪಟ್ಟಣದ ಕಡಲಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಆದರೂ ಇಲ್ಲಿನ ಮನೆಗಳಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿದ್ದಾರೆ. ಆರ್‌ಒ ನೀರಿಗೆ ಪ್ಯಾಕೆಟ್ ಉಪ್ಪು ಬೆರೆಸಿ ಕಡಲನ್ನೇ ತಯಾರಿಸಿಕೊಳ್ಳುತ್ತಾರೆ. ಅವರಿಗೆ ಸದಾ ತಲೆನೋವು ನೈಟ್ರೇಟಿನದು. ಮೀನಿನ ಮಲ, ತಿಂದು ಉಳಿದ ಆಹಾರ ಎಲ್ಲ ಕೊಳೆತು ಅಮೋನಿಯಾ ಆಗಿ, ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗಿ ನೀರಿನಲ್ಲೇ ಉಳಿದುಬಿಡುತ್ತದೆ. ಹವ್ಯಾಸಿಗಳು ಇದಕ್ಕೆ ಹೇಳುವ ಮದ್ದುಗಳಲ್ಲಿ ಜೈಂಟ್ ಕ್ಲಾಮ್ ಎಂಬ ದೈತ್ಯ ಚಿಪ್ಪುಜೀವಿಯೂ ಒಂದು.

ನಮ್ಮ ಕರಾವಳಿಯವರಿಗೆ ಗೊತ್ತಿರುವ ಮರುವಾಯಿಗೆ ಇದು ದೂರದ ದೊಡ್ಡಪ್ಪ. ಟ್ರೈಡಾಕ್ನಾ ಗೈಗಾಸ್ ಎಂಬ ಜಾತಿ ಒಂದು ಮೀಟರಿಗೂ ಉದ್ದ ಬೆಳೆದು 200 ಕಿಲೋ ಮೀರಿ ತೂಗುತ್ತದೆ. ತೊಟ್ಟಿಗೆ ತರುವುದು ಮ್ಯಾಕ್ಸಿಮಾ, ಕ್ರೋಸಿಯಾದಂಥ ಸಣ್ಣ ಜಾತಿಗಳನ್ನು. ಮರುವಾಯಿಯ ಹಾಗೆ ಇದೂ ನೀರು ಎಳೆದು ಕಣ ಸೋಸುತ್ತದೆ. ಆದರೆ ಅಸಲು ಕೆಲಸ ನಡೆಯುವುದು ನೀಲಿ, ಹಸಿರು ಹೊಳೆಯುವ ಅದರ ಮಾಂಸಲ ಅಂಚಿನಲ್ಲಿ. ಅಲ್ಲಿ ಒಕ್ಕಲಿರುವ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ಸಕ್ಕರೆ ಮಾಡಿ ಕ್ಲಾಮ್‌ಗೆ ಉಣಿಸುತ್ತವೆ. ತಮಗೆ ಬೇಕಾದ ಸಾರಜನಕಕ್ಕೆ ನೀರಿನ ಅಮೋನಿಯಾ, ನೈಟ್ರೇಟುಗಳನ್ನು ಬಳಸಿಕೊಳ್ಳುತ್ತವೆ. ಫಿಲ್ಟರ್ ಎಂದು ಕರೆದರೆ ತಪ್ಪೇನಿಲ್ಲ.

ಆದರೆ ಈ ಫಿಲ್ಟರಿಗೆ ಪ್ರಖರ ಬೆಳಕು ಬೇಕು, ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕು, 25ರಿಂದ 28 ಡಿಗ್ರಿಯ ನೀರು ಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ನೀರು ತಣಿಸುವ ಚಿಲ್ಲರ್ ಇಲ್ಲದೆ ಆಗದು. ಕರೆಂಟು ಕೈಕೊಟ್ಟರೆ ಅದೂ ಇಲ್ಲ. ಕ್ಲಾಮ್ ಸತ್ತು ಕೊಳೆತರೆ ತೊಟ್ಟಿಯೇ ವಿಷವಾಗುತ್ತದೆ. ಕೊಳೆ ತೆಗೆಯಲೆಂದು ಅದನ್ನು ತರುವವರು ಮರೆಯುವ ಸಂಗತಿಯೆಂದರೆ, ಮೊದಲೇ ಶುಚಿಯಾಗಿರುವ ತೊಟ್ಟಿಯಲ್ಲಷ್ಟೇ ಅದು ಬಾಳುತ್ತದೆ.

ಮೇಲಾಗಿ ಕಾನೂನಿದೆ. ಮ್ಯಾಕ್ಸಿಮಾ, ಸ್ಕ್ವಾಮೋಸಾ ಜಾತಿಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಲಾಯಿತು. ಹುಲಿ ಇರುವ ಪಟ್ಟಿ ಅದು! ಹೊರದೇಶದಿಂದ ತರಿಸುವುದಾದರೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಕಾಗದಪತ್ರ ಬೇಕೇಬೇಕು.

ಹೈದರಾಬಾದಿಗೂ ಕ್ಲಾಮ್‌ಗೂ ಇರುವ ನಿಜವಾದ ನಂಟು ಪ್ರಗತಿನಗರದಲ್ಲಿದೆ. ಅಲ್ಲಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಉಪಗ್ರಹಗಳು ಅಳೆದ ಕಡಲ ಮೇಲ್ಮೈಯ ಬಿಸಿಯನ್ನು ಗಮನಿಸಿ, ಲಕ್ಷದ್ವೀಪ, ಅಂಡಮಾನ್‌ಗಳಲ್ಲಿ ಹವಳ ಬಿಳಿಚಿಕೊಳ್ಳುವ ಮುನ್ಸೂಚನೆ ಕೊಡುತ್ತದೆ. ಅದೇ ಶಾಖಕ್ಕೆ ಅಲ್ಲಿನ ಕ್ಲಾಮ್‌ಗಳೂ ಪಾಚಿ ಕಳೆದುಕೊಂಡು ಬೆಳ್ಳಗಾಗುತ್ತವೆ.

ಮತ್ತೆ ತೊಟ್ಟಿಗೆ ಬಂದರೆ, ನೈಟ್ರೇಟ್ ಇಳಿಸಬೇಕೆ? ತೊಟ್ಟಿಗೆ ಜೋಡಿಸಿದ ಸಂಪಿನಲ್ಲಿ ದೀಪ ಹಚ್ಚಿ ಕೀಟೊಮಾರ್ಫಾ ಪಾಚಿ ಬೆಳೆಸಿ, ಹೆಚ್ಚಾದದ್ದನ್ನು ಆಗಾಗ ಕಿತ್ತು ಹಾಕಿ, ಮೀನಿಗೆ ಹಾಕುವ ತಿನಿಸು ಕಡಿಮೆ ಮಾಡಿ, ನೀರು ಬದಲಿಸುತ್ತಿರಿ. ಯಾರಾದರೂ ಕ್ಲಾಮ್ ಮಾರಲು ಬಂದರೆ ಪರವಾನಗಿ ತೋರಿಸಲು ಹೇಳಿ. ತೋರಿಸದಿದ್ದರೆ ಕೊಳ್ಳಬೇಡಿ.