ಮಟ್ಟು ಕಟ್ಟಿದವಳ ಹೆಸರು

ತರೀಕೆರೆಯಿಂದ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಗಳ ಕಡೆಗೆ ಏರುವ ಹಾದಿಯಲ್ಲಿರುವ ಲಿಂಗದಹಳ್ಳಿಯಂಥ ಊರಿನಲ್ಲಿ, ಮದುವೆಯ ಚಪ್ಪರದ ಕೆಳಗೆ ಅರಿಶಿನದ ಶಾಸ್ತ್ರಕ್ಕೆ ನೆರೆದ ಹೆಂಗಸರು ಸೋಬಾನೆ ಎತ್ತುವುದನ್ನು ಗಮನವಿಟ್ಟು ಆಲಿಸಿದವರಿಗೆ ಒಂದು ವಿಶೇಷವು ಗೋಚರಿಸದೆ ಇರದು. ಮುಂದಾಗಿ ಹಾಡುವವಳು ಸೊಲ್ಲನ್ನು ಪೂರ್ತಿ ಮುಗಿಸುವ ಮುನ್ನವೇ ಉಳಿದವರು ಅದರ ತುದಿಯನ್ನು ಹಿಡಿಯುತ್ತಾರೆ; ಉಸಿರಿಗೆ ಉಸಿರು ಬೆಸೆದುಕೊಂಡು, ನಡುವೆ ಬಿರುಕು ತೋರದಂತೆ ಹಾಡು ಸಾಗುತ್ತದೆ. ಪಕ್ಕವಾದ್ಯವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ. ಇಷ್ಟು ಸೂಕ್ಷ್ಮವಾದ ರಚನೆಯನ್ನು ಕಟ್ಟಿದವಳು ಯಾವ ನ್ಯಾಯದಿಂದ ನೋಡಿದರೂ ಸಂಗೀತ ಸಂಯೋಜಕಿಯೇ. ಆದರೆ ಅವಳ ಹೆಸರು ಎಲ್ಲಿಯೂ ದಾಖಲಾಗಲಿಲ್ಲ.

1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದುದು ಕನ್ನಡದ ಮಹದುಪಕಾರ. ಆದರೂ ಅಚ್ಚಿನ ಪುಟಕ್ಕೆ ಬಂದುದು ನುಡಿ ಮಾತ್ರ; ಮಟ್ಟು ಹಾಡುವವರ ಕೊರಳಿನಲ್ಲಿಯೇ ಉಳಿಯಿತು.

ಬೀಸುವ ಪದದ ಲಯವನ್ನೇ ನೋಡಿ. ರಾಗಿಯ ಹಿಡಿ ಕಲ್ಲಿನ ಬಾಯಿಗೆ ಬಿದ್ದಾಗ ಗೂಟ ಭಾರವಾಗಿ ನಡೆ ನಿಧಾನಿಸುತ್ತದೆ, ಕಾಳು ಹಿಟ್ಟಾದಂತೆ ಹಗುರವಾಗಿ ಮತ್ತೆ ತ್ವರೆಗೊಳ್ಳುತ್ತದೆ. ಪದವು ತೋಳಿನ ಶ್ರಮವನ್ನು ಅನುಸರಿಸಿ ಹಿಗ್ಗುತ್ತದೆ, ಕುಗ್ಗುತ್ತದೆ. ಹಿಟ್ಟಿನ ಗಿರಣಿ ಬಂದು ಕಲ್ಲು ಮೂಲೆ ಸೇರಿದ ಮೇಲೆ, ಆ ಪದವನ್ನು ಸ್ಟುಡಿಯೋಗೆ ಒಯ್ದು, ಗಡಿಯಾರದಂತೆ ಒಂದೇ ಸಮನೆ ಬಡಿಯುವ ಯಂತ್ರತಾಳಕ್ಕೆ ಕಟ್ಟಿಹಾಕಿ, ಮೇಲಿಷ್ಟು ಗಿಟಾರ್ ಬೆರೆಸಿ, ಇದೇ ಸಮನ್ವಯವೆಂದು ಸಾರುವುದು ನನಗೆ ಒಪ್ಪಿಗೆಯಾಗದು. ಮಟ್ಟಿನ ಜೀವವಿರುವುದು ಆ ಏರಿಳಿತದಲ್ಲಿಯೇ.

ಈ ಜೀವವನ್ನು ಬಲ್ಲ ಮಹಿಳೆಯರು ನಮ್ಮ ನಡುವೆ ಇದ್ದಾರೆಂಬುದು ಸಮಾಧಾನದ ವಿಷಯ. ಗುಬ್ಬಿ ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀಯವರು ರಾಷ್ಟ್ರೀಯ ನಾಟಕ ಶಾಲೆಯ ಶಿಕ್ಷಣವನ್ನೂ ಕಂಪನಿ ನಾಟಕದ ಕಂಠವನ್ನೂ ಒಂದುಗೂಡಿಸಿ, ಕಂಬಾರರ ‘ಕರಿಮಾಯಿ’ಯಂಥ ಕೃತಿಯನ್ನು ಹಾಡಿನ ಬಲದಿಂದಲೇ ರಂಗದ ಮೇಲೆ ನಿಲ್ಲಿಸಿದರು. ಬಿಂದುಮಾಲಿನಿಯವರು ಕರ್ನಾಟಕ, ಹಿಂದೂಸ್ತಾನಿ ಪದ್ಧತಿಗಳೆರಡನ್ನೂ ಅಭ್ಯಸಿಸಿ, ಕಬೀರನ ಪದಗಳ ಸಹವಾಸದಲ್ಲಿ ಪಳಗಿ, 2018ರ ‘ನಾತಿಚರಾಮಿ’ಗೆ ಸಂಗೀತ ನೀಡಿದರು, ಅದರ ‘ಮಾಯಾವಿ ಮನವೆ’ ಗೀತೆಗೆ ಅತ್ಯುತ್ತಮ ಗಾಯಕಿಯೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಗಾಯಕಿಯಾಗಿ ಮನ್ನಣೆ ಪಡೆಯುವ ಸ್ತ್ರೀ ನಮ್ಮ ಚಿತ್ರರಂಗಕ್ಕೆ ಹೊಸಬಳಲ್ಲ. ಸಂಗೀತ ನಿರ್ದೇಶಕಿಯ ಪೀಠದಲ್ಲಿ ಕುಳಿತವಳು ಇಂದಿಗೂ ವಿರಳ.

ಶಿಲ್ಪಾ ಮುಡ್ಬಿಯವರ ಮಾರ್ಗ ಬೇರೆ. ‘ಅರ್ಬನ್ ಫೋಕ್ ಪ್ರಾಜೆಕ್ಟ್’ ಮೂಲಕ ಅವರು ಎಲ್ಲಮ್ಮನ ಪದಗಳನ್ನು ಜೋಗತಿಯರಿಂದಲೇ ಕಲಿತು ನಗರದ ವೇದಿಕೆಗೆ ತಂದರು. ಆ ಪದಗಳ ಜೊತೆಗಾರ ವಾದ್ಯವಾದ ಚೌಡಿಕೆಯ ಒಂಟಿ ತಂತಿಯನ್ನು ಬಿಗಿದು ಸಡಿಲಿಸಿ ಮೀಟುವಾಗ ಸ್ವರ ಒಂದೆಡೆ ನಿಲ್ಲದೆ ಜಾರುತ್ತದೆ. ಕೀಬೋರ್ಡಿನ ಮಣೆಗಳ ನಡುವಣ ಅವಕಾಶದಲ್ಲಿ ವಾಸಿಸುವ ಆ ಸ್ವರವನ್ನು ‘ತಿದ್ದುವ’ ತಂತ್ರಾಂಶ ಈಗ ಎಲ್ಲ ಸ್ಟುಡಿಯೋಗಳಲ್ಲಿಯೂ ಸುಲಭವಾಗಿ ದೊರೆಯುತ್ತದೆ. ತಿದ್ದದೆ ಬಿಡುವುದಕ್ಕೆ ಹೆಚ್ಚಿನ ವಿದ್ಯೆ ಬೇಕು.

ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಸಂದಾಗ ಒಬ್ಬ ಹಾಡುಗಾರ್ತಿಗೆ ಹೆಸರು ದೊರೆಯಿತು. ಮಿಕ್ಕವರ ಪಾಲಿಗೆ ಧ್ವನಿಮುದ್ರಿಕೆಗಳ ಮೇಲೆ ಇಂದಿಗೂ ‘ಜಾನಪದ’ ಎಂಬ ಒಂದೇ ಮಾತು ಅಚ್ಚಾಗುತ್ತದೆ. ಲಿಂಗದಹಳ್ಳಿಯ ಅಜ್ಜಿಯೊಬ್ಬಳಿಂದ ಮಟ್ಟು ಕಲಿತು ಹೊಸ ಕೃತಿ ಕಟ್ಟುವ ಸಂಯೋಜಕಿಯು, ಅವಳ ಒಪ್ಪಿಗೆ ಪಡೆದು, ಅವಳ ಹೆಸರನ್ನೂ ಊರನ್ನೂ ತನ್ನ ಹೆಸರಿನ ಪಕ್ಕದಲ್ಲಿಯೇ ಅಚ್ಚು ಹಾಕಿಸಲಿ. ಬಂದ ಸಂಭಾವನೆಯಲ್ಲಿ ಅವಳ ಪಾಲನ್ನು ಅವಳ ಮನೆಗೆ ಮುಟ್ಟಿಸಲಿ.