ಹಿತ್ತಲ ವರ್ಕ್‌ಶಾಪಿನ ಕೈಯುಪಾಯಗಳು

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ರೈತ ಸಂಶೋಧಕ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ ಎಳೆಯ ವಯಸ್ಸಿನಲ್ಲಿ ಬೆಳಿಗ್ಗೆ ಬೇಗ ಏಳುವುದೇ ಕಷ್ಟವಾಗಿತ್ತು. ಅಲಾರಾಂ ಎಷ್ಟು ಬಡಿದುಕೊಂಡರೂ ಎಚ್ಚರವಾಗುತ್ತಿರಲಿಲ್ಲ. ಕೀಲಿ ಕೊಡುವ ಹಳೆಯ ಗಡಿಯಾರದಲ್ಲಿ ಅಲಾರಾಂ ಹೊಡೆಯುವಾಗ ಬೆನ್ನಿನ ಕಡೆಯ ಕೀಲಿ ತಾನಾಗಿ ತಿರುಗುತ್ತದೆ. ಅವರು ಆ ಕೀಲಿಗೆ ಒಂದು ದಾರ ಕಟ್ಟಿದರು, ದಾರದ ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಬಿಗಿದರು. ಕೀಲಿ ತಿರುಗಿದಂತೆ ದಾರ ಸುತ್ತಿಕೊಳ್ಳುತ್ತಿತ್ತು, ಬಾಟಲಿ ವಾಲುತ್ತಿತ್ತು, ನೀರು ಮುಖದ ಮೇಲೆ ಬೀಳುತ್ತಿತ್ತು. ಇದೇ ಮನುಷ್ಯ ಮುಂದೆ ಹುಣಸೆಹಣ್ಣಿನಿಂದ ಬೀಜ ಬಿಡಿಸುವ ಯಂತ್ರ, ಬಿತ್ತನೆಯ ಕೂರಿಗೆ, ಕಬ್ಬು ನಾಟಿಯ ಸಾಧನಗಳನ್ನೆಲ್ಲ ಮಾಡಿದರು. 2022ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು.

ಆ ಗಡಿಯಾರವನ್ನು ಎಷ್ಟೋ ಜನ ನೋಡಿದ್ದರು. ಅದರಲ್ಲಿ ಒಂದು ಭಾಗ ಪುಕ್ಕಟೆಯಾಗಿ ತಿರುಗುತ್ತಿದೆ, ಅದರಿಂದ ಇನ್ನೊಂದು ಕೆಲಸ ತೆಗೆಯಬಹುದು ಎಂದು ಹೊಳೆದದ್ದು ಅವರಿಗೆ. ಮನೆಯ ಹಿತ್ತಲಿನಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲೋ ಒಂದು ಪುಟ್ಟ ವರ್ಕ್‌ಶಾಪ್ ಇಟ್ಟುಕೊಂಡವರಿಗೆ ಬೇಕಾದದ್ದು ಈ ಕಣ್ಣು. ಕೈಯುಪಾಯಗಳನ್ನು ಬಾಯಿಪಾಠ ಮಾಡಿಕೊಂಡವರು ಬೇಗ ಸೋಲುತ್ತಾರೆ. ಕೆಟ್ಟದ್ದು ಯಾಕೆ ಕೆಟ್ಟಿತು ಎಂದು ತಿಳಿದವರಿಗೆ ಉಪಾಯ ಅಲ್ಲಿಯೇ ಸಿಗುತ್ತದೆ.

ಎಲ್ಲರ ಮನೆಯಲ್ಲೂ ಇರುವ ತೊಂದರೆಯಿಂದಲೇ ಶುರು ಮಾಡೋಣ. ಬಾಗಿಲಿನ ಬಿಜಾಗರಿಯ ತಿರುಪು ಸಡಿಲವಾಗಿದೆ. ಬಿಗಿ ಮಾಡಿದರೆ ಸುಮ್ಮನೆ ಸುತ್ತುತ್ತದೆ, ಹಿಡಿಯುವುದಿಲ್ಲ. ಹೆಚ್ಚಿನವರು ಇನ್ನೂ ದಪ್ಪ ತಿರುಪು ತಂದು ಒತ್ತುತ್ತಾರೆ. ದಪ್ಪ ತಿರುಪಿನ ತಲೆ ಬಿಜಾಗರಿಯ ಕುಳಿಯಲ್ಲಿ ಕೂರುವುದಿಲ್ಲ, ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ತಿರುಪು ನಿಲ್ಲುವುದು ಅದರ ಎಳೆಗಳು ಮರದ ನಾರನ್ನು ಕಚ್ಚಿಕೊಂಡಿರುವುದರಿಂದ. ಬಾಗಿಲು ತೆಗೆದು ಹಾಕಿ ಮಾಡುವಾಗಿನ ಎಳೆತಕ್ಕೆ ಆ ನಾರು ಪುಡಿಯಾಗಿದೆ. ಹಾಗಾದರೆ ತೂತಿಗೆ ನಾರನ್ನು ವಾಪಸು ಕೊಡಬೇಕು. ಮದ್ದು ಕೆರೆದು ತೆಗೆದ ಬೆಂಕಿಕಡ್ಡಿಗಳನ್ನು ಫೆವಿಕಾಲಿನಲ್ಲಿ ಅದ್ದಿ, ತೂತಿನೊಳಗೆ ಇನ್ನು ಹಿಡಿಯದು ಎನ್ನುವಷ್ಟು ತುರುಕಿ, ಹೊರಗೆ ಉಳಿದದ್ದನ್ನು ಮುರಿದು, ಒಂದು ರಾತ್ರಿ ಒಣಗಲು ಬಿಡಿ. ಮರುದಿನ ನಡುವೆ ಸಣ್ಣ ತೂತು ಕೊರೆದು ಹಳೆಯ ತಿರುಪನ್ನೇ ಹಾಕಿದರೆ ಹೊಸ ಮರದಲ್ಲಿ ನಿಂತಂತೆ ನಿಲ್ಲುತ್ತದೆ. ಬಿದಿರಿನ ಸೀಳು ಇನ್ನೂ ಗಟ್ಟಿ. ಪೊರಕೆಯ ತೆಂಗಿನ ಕಡ್ಡಿ ಮಾತ್ರ ಬೇಡ, ಅದರ ಮೈ ನುಣುಪು, ಅಂಟು ಒಳಕ್ಕೆ ಇಳಿಯುವುದಿಲ್ಲ. ಬಚ್ಚಲುಮನೆಯ ಬಾಗಿಲಾದರೆ ಫೆವಿಕಾಲೂ ಬೇಡ. ಅದು ನೀರಿನಲ್ಲಿ ಕದಡಿದ ಅಂಟು, ಒಣಗಿದ ಮೇಲೂ ಸದಾ ನೆನೆಯುತ್ತಿದ್ದರೆ ಮೆತ್ತಗಾಗುತ್ತದೆ. ಅಲ್ಲಿಗೆ ಎರಡು ಟ್ಯೂಬು ಬೆರೆಸುವ ಅರಾಲ್ಡೈಟೇ ಸರಿ.

ಹಲಗೆಯ ಅಂಚಿಗೆ ಮೊಳೆ ಹೊಡೆದರೆ ಮರ ಸೀಳುವುದೂ ನಾರಿನ ಕಥೆಯೇ. ಮೊಳೆಯ ಚೂಪು ತುದಿ ನಾರುಗಳ ನಡುವೆ ನುಗ್ಗಿ ಅವನ್ನು ಎರಡೂ ಕಡೆಗೆ ತಳ್ಳುತ್ತದೆ, ಬೆಣೆಯ ಕೆಲಸವನ್ನೇ ಮಾಡುತ್ತದೆ. ಮೊಳೆಯನ್ನು ತಲೆಕೆಳಗಾಗಿ ಕಲ್ಲಿನ ಮೇಲಿಟ್ಟು ತುದಿಗೊಂದು ಏಟು ಕೊಟ್ಟು ಮೊಂಡು ಮಾಡಿ. ಆಗ ಅದು ನಾರನ್ನು ಜಜ್ಜಿಕೊಂಡು ಇಳಿಯುತ್ತದೆ, ಸೀಳುವುದಿಲ್ಲ. ಅನುಭವಿ ಬಡಗಿಗಳು ಯೋಚಿಸದೆಯೇ ಮಾಡುವ ಕೆಲಸ ಇದು. ಗಟ್ಟಿ ಮರಕ್ಕೆ ತಿರುಪು ಇಳಿಸುವಾಗ ಸಾಬೂನಿಗೆ ತಿಕ್ಕುವ ರೂಢಿಯೂ ಇದೆ. ಸುಲಭವಾಗಿ ಇಳಿಯುತ್ತದೆ, ನಿಜ. ಆದರೆ ಸಾಬೂನು ಗಾಳಿಯ ತೇವ ಹೀರುತ್ತದೆ, ಕರಾವಳಿಯಲ್ಲಿ, ಮಲೆನಾಡಿನಲ್ಲಿ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಕಬ್ಬಿಣದ ತಿರುಪು ಒಳಗೇ ತುಕ್ಕು ಹಿಡಿದು ಕೂರುತ್ತದೆ. ಮೇಣದ ಬತ್ತಿಯ ತುಂಡು ಅದೇ ಕೆಲಸವನ್ನು ಈ ಕಾಟವಿಲ್ಲದೆ ಮಾಡುತ್ತದೆ. ಪೆಟ್ಟಿಗೆಯಲ್ಲಿ ಒಂದು ಇರಲಿ.

ಮರದಿಂದ ಗೋಡೆಗೆ ಬಂದರೆ ಕಥೆ ಲಂಡನ್ನಿಗೆ ಹೋಗುತ್ತದೆ. 1910ರ ಸುಮಾರಿಗೆ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರರಿಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳಲ್ಲಿ ವಿದ್ಯುತ್ ಸಾಮಗ್ರಿ ಕೂರಿಸುವ ಕೆಲಸ ಸಿಕ್ಕಿತು. ಗೋಡೆ ಕೆಡಬಾರದು ಎಂಬ ಕರಾರು ಬೇರೆ. ಅಲ್ಲಿಯವರೆಗೆ ಗೋಡೆಯನ್ನು ದೊಡ್ಡದಾಗಿ ಕಡಿದು, ಮರದ ತುಂಡು ಹೂತು, ಅದಕ್ಕೆ ತಿರುಪು ಹಾಕುವುದು ವಾಡಿಕೆ. ರಾಲಿಂಗ್ಸ್ ಸೆಣಬಿನ ನಾರನ್ನು ಅಂಟಿನಿಂದ ಬಿಗಿದು ಸಣ್ಣ ಕೊಳವೆ ಮಾಡಿದರು. ತಿರುಪು ಒಳಕ್ಕೆ ಹೋದಂತೆ ಕೊಳವೆ ಉಬ್ಬಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಇವತ್ತು ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳುವ ರಾಲ್ ಪ್ಲಗ್ ಹುಟ್ಟಿದ್ದು ಹೀಗೆ. 1958ರಲ್ಲಿ ಜರ್ಮನಿಯ ಆರ್ಟರ್ ಫಿಶರ್ ಅದನ್ನು ನೈಲಾನಿನಲ್ಲಿ ಮಾಡಿದರು.

ಉಬ್ಬಿ ಒತ್ತಬೇಕಾದರೆ ಒತ್ತಿಸಿಕೊಳ್ಳುವ ಗೋಡೆ ಗಟ್ಟಿ ಇರಬೇಕಲ್ಲ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕೆಂಪುಕಲ್ಲಿನ ಮನೆಗಳಲ್ಲಿ ಪ್ಲಗ್ ಕಿತ್ತು ಬರುವುದಕ್ಕೆ ಇದೇ ಕಾರಣ. ಆ ಕಲ್ಲಿನ ತುಂಬ ಸಣ್ಣ ಸಣ್ಣ ಪೊಳ್ಳು. ಡ್ರಿಲ್ಲಿನ ಹ್ಯಾಮರ್ ಗುಂಡಿ ಒತ್ತಿದರೆ ಆರು ಮಿಲಿಮೀಟರಿನ ಬಿಟ್ ಹತ್ತರ ತೂತು ಮಾಡಿಬಿಡುತ್ತದೆ. ಹ್ಯಾಮರ್ ಆರಿಸಿ, ಬರೀ ತಿರುಗಿಸಿ ಕೊರೆಯಿರಿ. ಆಗಲೂ ತೂತು ಹಿಗ್ಗಿದರೆ ಊದುಗೊಳವೆಯಿಂದ ಧೂಳು ತೆಗೆದು, ಒಳಮೈಗೆ ನೀರು ಸೋಕಿಸಿ, ಗಟ್ಟಿಯಾಗಿ ಕಲಸಿದ ಸಿಮೆಂಟು ತುಂಬಿ ಪ್ಲಗ್ ಅದುಮಿ. ಎರಡು ದಿನ ಅತ್ತ ಸುಳಿಯಬೇಡಿ. ಎಷ್ಟು ಆಳ ಕೊರೆಯಬೇಕೆಂದು ತಿಳಿಯಲು ಬಿಟ್ಟಿಗೆ ಬಣ್ಣದ ಇನ್ಸುಲೇಷನ್ ಟೇಪು ಸುತ್ತುವುದು, ಉದುರುವ ಪುಡಿಗೆ ತೂತಿನ ಕೆಳಗೊಂದು ಹಳೆ ಲಕೋಟೆ ಬಾಯಿ ತೆರೆದು ಅಂಟಿಸುವುದು, ಇವು ಯಾರಿಗೂ ಹೊಳೆಯುವಂಥವು.

ಕೆಲಸದ ಮೇಜಿನ ವಿಷಯಕ್ಕೆ ಬಂದರೆ ರಾನ್ ಹಿಕ್‌ಮನ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಇವರು ಲೋಟಸ್ ಎಲಾನ್ ಕಾರಿನ ವಿನ್ಯಾಸಕಾರರು. 1961ರಲ್ಲಿ ಮನೆಯಲ್ಲಿ ಬಟ್ಟೆಯ ಬೀರು ಮಾಡಿಕೊಳ್ಳಲು ಕೂತರು. ಮೇಜಿಲ್ಲದೆ ಕುರ್ಚಿಯ ಮೇಲೆ ಹಲಗೆ ಇಟ್ಟು ಗರಗಸ ಎಳೆದರೆ ಹಲಗೆಯ ಜೊತೆಗೆ ಬೆಲೆಬಾಳುವ ಕುರ್ಚಿಯೂ ತುಂಡಾಯಿತು. ಅವರು ಮಡಚಿ ಇಡಬಹುದಾದ, ಮೇಲ್ಭಾಗದ ಎರಡು ಹಲಗೆಗಳೇ ವೈಸಿನಂತೆ ಸಾಮಾನನ್ನು ಕಚ್ಚಿ ಹಿಡಿಯುವ ಒಂದು ಮೇಜು ಮಾಡಿದರು. ಕಂಪನಿಗಳು ಬೇಡವೆಂದವು, ಬ್ಲ್ಯಾಕ್ ಅಂಡ್ ಡೆಕರ್ ಕೂಡ. ಹಿಕ್‌ಮನ್ ತಾವೇ ಮಾಡಿ ಮಾರಿದರು. ಕೊನೆಗೆ ಅದೇ ಕಂಪನಿ 1972ರಲ್ಲಿ ವರ್ಕ್‌ಮೇಟ್ ಎಂಬ ಹೆಸರಿನಲ್ಲಿ ಅದನ್ನು ತಯಾರಿಸತೊಡಗಿತು, ಜಗತ್ತಿನಲ್ಲೆಲ್ಲ ಕೋಟಿಗಟ್ಟಲೆ ಮಾರಿತು.

ನಮ್ಮ ಬಡಗಿಗಳಿಗೆ ಆ ಮೇಜಿನ ಹಂಗಿರಲಿಲ್ಲ. ನೆಲದ ಮೇಲೆ ಕೂತು, ಪಾದಗಳಿಂದ ಮರವನ್ನು ಅದುಮಿ ಹಿಡಿದು, ಎರಡೂ ಕೈಯಿಂದ ಉಳಿ ಆಡಿಸುವ ಆ ಕೌಶಲ ನೋಡುವಂಥದ್ದು, ಕಾಲೇ ಅವರ ವೈಸು. ಹೊಸಬರು ಅದನ್ನು ಅನುಕರಿಸುವುದು ಅಪಾಯ, ಉಳಿ ಜಾರಿದರೆ ಮೊದಲು ಸಿಗುವುದು ಹೆಬ್ಬೆರಳು. ಅವರಿಗೆ ನಾನು ಹೇಳುವುದು ಅಡ್ಡಪಟ್ಟಿಯ ಹಲಗೆ. ಒಂದಡಿ ಉದ್ದದ ಪ್ಲೈವುಡ್ಡಿನ ಒಂದು ಅಂಚಿಗೆ ಮೇಲ್ಮೈಯಲ್ಲಿ ಒಂದು ಪಟ್ಟಿ, ಎದುರು ಅಂಚಿಗೆ ಕೆಳಮೈಯಲ್ಲಿ ಇನ್ನೊಂದು ಪಟ್ಟಿ. ಕೆಳಗಿನ ಪಟ್ಟಿ ಅಡುಗೆಮನೆಯ ಕಟ್ಟೆಯ ಅಂಚಿಗೆ ತಗುಲಿ ನಿಲ್ಲುತ್ತದೆ, ಮೇಲಿನ ಪಟ್ಟಿಗೆ ಮರವನ್ನು ಒತ್ತಿ ಹಿಡಿದು ಕೊಯ್ಯಬಹುದು. ಗರಗಸದ ಒತ್ತಡವೇ ಹಲಗೆಯನ್ನು ಅಲುಗದಂತೆ ಹಿಡಿಯುತ್ತದೆ. ಕುರ್ಚಿಯ ಕಾಲಿನಂಥ ಸೊಟ್ಟ ತುಂಡುಗಳನ್ನು ಅಂಟಿಸಬೇಕಾದಾಗ ಯಾವ ಕ್ಲ್ಯಾಂಪೂ ಸರಿಯಾಗಿ ಕೂರುವುದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಜಗ್ಗಿ ಜಗ್ಗಿ ಸುತ್ತಿ. ಒಂದೊಂದು ಸುತ್ತೂ ಒತ್ತಡ ಹೆಚ್ಚಿಸುತ್ತದೆ, ಯಾವ ಆಕಾರಕ್ಕಾದರೂ ಒಗ್ಗುತ್ತದೆ. ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಕ್ಲ್ಯಾಂಪು ಇನ್ನೊಂದಿಲ್ಲ.

ಲೋಹ ಕೊಯ್ಯುವಾಗ ಹ್ಯಾಕ್ಸಾ ಬ್ಲೇಡು ಪಟಪಟ ಮುರಿಯುತ್ತದೆ ಎಂದು ದೂರುವವರು ಹಲ್ಲಿನ ಲೆಕ್ಕ ನೋಡಬೇಕು. ಬ್ಲೇಡಿನ ಮೇಲೆ ಇಂಚಿಗೆ 18, 24, 32 ಎಂದು ಬರೆದಿರುತ್ತದೆ. ಯಾವಾಗಲೂ ಕನಿಷ್ಠ ಮೂರು ಹಲ್ಲು ಲೋಹದ ಮೇಲಿರಬೇಕು, ಇಲ್ಲದಿದ್ದರೆ ತೆಳ್ಳಗಿನ ತಗಡು ಎರಡು ಹಲ್ಲುಗಳ ನಡುವೆ ಸಿಕ್ಕಿ ಹಲ್ಲು ಮುರಿಯುತ್ತದೆ. ತಗಡನ್ನು ಎರಡು ಪ್ಲೈವುಡ್ ಚೂರುಗಳ ನಡುವೆ ಇಟ್ಟು ಮೂರನ್ನೂ ಒಟ್ಟಿಗೆ ಕೊಯ್ದರೆ ಆ ತೊಂದರೆ ಇಲ್ಲ. ಹಲ್ಲು ಮುಮ್ಮುಖವಾಗಿರಲಿ. ಅಲ್ಯೂಮಿನಿಯಂ ತಿಕ್ಕುವ ಅರಕ್ಕೆ ಮೊದಲೇ ಸೀಮೆಸುಣ್ಣ ಬಳಿದರೆ ಲೋಹದ ಚೂರು ಹಲ್ಲುಗಳ ಸಂದಿಯಲ್ಲಿ ಕಚ್ಚುವುದಿಲ್ಲ.

ಅಳತೆಯಲ್ಲಿ ಗಾರೆ ಕೆಲಸದವರನ್ನು ಮೀರಿಸಿದ ಗುರುಗಳಿಲ್ಲ. ಕೋಣೆಯ ಎರಡು ತುದಿಯಲ್ಲಿ ಒಂದೇ ಎತ್ತರದ ಗುರುತು ಬೇಕೆ? ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿಗಳನ್ನು ಎರಡು ಗೋಡೆಗೆ ಹಿಡಿದರೆ ಆಯಿತು. ನಡುವೆ ಕಂಬ ಬಂದರೂ ಮೂಲೆ ತಿರುಗಿದರೂ ನೀರಿಗೆ ಲೆಕ್ಕವಿಲ್ಲ. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಮಾತ್ರ ಅದು ಸುಳ್ಳು ಹೇಳುತ್ತದೆ. ಬಕೆಟಿನಿಂದ ನಿಧಾನವಾಗಿ ಹೀರಿ ತುಂಬಿಸಿ, ಮೊದಲು ಎರಡು ತುದಿಗಳನ್ನೂ ಪಕ್ಕಪಕ್ಕ ಹಿಡಿದು ನೀರು ಸಮವಾಗಿದೆಯೇ ಎಂದು ನೋಡಿ. ಮೂಲೆ ನೇರವಿದೆಯೇ ಎಂದು ತಿಳಿಯಲು ಒಂದು ಬದಿಯಲ್ಲಿ ಮೂರು ಅಡಿ, ಇನ್ನೊಂದರಲ್ಲಿ ನಾಲ್ಕು ಅಡಿ ಗುರುತು ಹಾಕಿ ಅಡ್ಡ ಅಳೆದರೆ ಐದು ಬರಬೇಕು. ಹಗ್ಗ ಹಿಡಿದು ಯಜ್ಞವೇದಿ ಅಳೆಯುತ್ತಿದ್ದವರ ಶುಲ್ಬಸೂತ್ರಗಳಲ್ಲಿ ಇರುವ ಲೆಕ್ಕವೇ ಇದು. ದೊಡ್ಡ ಜಾಗಕ್ಕೆ ಆರು, ಎಂಟು, ಹತ್ತು ಮಾಡಿಕೊಳ್ಳಿ, ತಪ್ಪು ಚಿಕ್ಕದಾಗುತ್ತದೆ.

ಜೂನ್ ಬಂತೆಂದರೆ ತುಕ್ಕು. ಹಿತ್ತಾಳೆ ಬೆಳಗುವ ಹುಣಸೆಹಣ್ಣು ಕಬ್ಬಿಣಕ್ಕೂ ಆಗುತ್ತದೆ, ಅದರಲ್ಲಿರುವ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಗಟ್ಟಿ ಹುಣಸೆನೀರಿನಲ್ಲಿ ಸ್ಪ್ಯಾನರನ್ನೋ ಇಕ್ಕಳವನ್ನೋ ರಾತ್ರಿಯಿಡೀ ಮುಳುಗಿಸಿ, ಬೆಳಿಗ್ಗೆ ಹಿತ್ತಾಳೆ ಬ್ರಷ್ಷಿನಲ್ಲಿ ಉಜ್ಜಿ. ಇಲ್ಲಿಗೇ ನಿಲ್ಲಿಸಿದರೆ ಸಂಜೆಗೆ ಮತ್ತೆ ತುಕ್ಕು, ಉಳಿದ ಆಮ್ಲ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಎಣ್ಣೆ ಸವರಬೇಕು. ಹೆಚ್ಚು ಹಾಳಾದದ್ದಕ್ಕೆ ವಾಷಿಂಗ್ ಸೋಡಾ ನೀರು ಮತ್ತು 12 ವೋಲ್ಟಿನ ಹಳೆಯ ಬ್ಯಾಟರಿ ಚಾರ್ಜರ್ ಸಾಕು. ಉಪಕರಣ ಋಣ ತುದಿಗೆ, ಬೇಡದ ಕಬ್ಬಿಣದ ಚೂರು ಧನ ತುದಿಗೆ. ಆ ಚೂರು ಸ್ಟೇನ್‌ಲೆಸ್ ಸ್ಟೀಲ್ ಆಗಿರಕೂಡದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಮೇಲೆ ಬರುವ ಗುಳ್ಳೆ ಜಲಜನಕ, ಬೆಂಕಿ ಹತ್ತಿರವಿರದ ಬಯಲಲ್ಲಿ ಮಾಡಿ.

ಕರೆಂಟಿನ ಮಟ್ಟಿಗೆ ನನಗೆ ಪ್ರಿಯವಾದ ಒಂದೇ ಉಪಾಯ ಎಲೆಕ್ಟ್ರಿಷಿಯನ್ನರ ಸೀರೀಸ್ ಬೋರ್ಡು. ಒಂದು ಪ್ಲಗ್ ಸಾಕೆಟ್ಟಿನ ಫೇಸ್ ತಂತಿಯ ನಡುವೆ 100 ವ್ಯಾಟಿನ ಹಳೆ ಮಾದರಿಯ ಬಲ್ಬು ಇಟ್ಟಿರುತ್ತಾರೆ. ಕೆಟ್ಟ ಮಿಕ್ಸಿಯೋ ಇಸ್ತ್ರಿಪೆಟ್ಟಿಗೆಯೋ ಅದಕ್ಕೆ ಸಿಕ್ಕಿಸಿದಾಗ ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್ ಇರಬಹುದು, ಉರಿಯದಿದ್ದರೆ ತಂತಿ ತುಂಡಾಗಿದೆ, ಮಿಕ್ಸಿಗೆ ಮಂಕಾಗಿ ಉರಿದರೆ ಸುತ್ತು ಬಹುಮಟ್ಟಿಗೆ ಸರಿ ಇದೆ. ಶಾರ್ಟ್ ಇದ್ದರೂ ಬಲ್ಬು ಅರ್ಧ ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ, ಹಾಗಾಗಿ ಫ್ಯೂಸು ಹಾರುವುದಿಲ್ಲ, ತಂತಿ ಸುಡುವುದಿಲ್ಲ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು, ತಂತು ಇರುವ ಬಲ್ಬೇ ಬೇಕು. ಶಾಕ್ ಹೊಡೆಯುವುದನ್ನು ಮಾತ್ರ ಬಲ್ಬು ತಡೆಯುವುದಿಲ್ಲ. ಮನುಷ್ಯನಿಗೆ ಅರ್ಧ ಆಂಪಿಯರ್ ಬಹಳವಾಯಿತು. ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತುವುದನ್ನೂ ಗ್ರೈಂಡರಿನ ಗಾರ್ಡು ಕಳಚಿ ದೊಡ್ಡ ಡಿಸ್ಕು ಹಾಕುವುದನ್ನೂ ಉಪಾಯವೆಂದು ಕರೆಯುವವರಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ಫ್ಯೂಸು, ಗಾರ್ಡು ಎರಡೂ ಅಪಾಯವನ್ನು ತಡೆಯಲೆಂದೇ ಇರುವಂಥವು. ಕಟಿಂಗ್ ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ, ನೋಡಿ. ಅದರ ಅಂಟು ಹಳೆಯದಾದರೆ ಡಿಸ್ಕು ತಿರುಗುವಾಗಲೇ ಸಿಡಿಯಬಹುದು. ಕಣ್ಣಿಗೆ ಕನ್ನಡಕ ಇಲ್ಲದೆ ಗ್ರೈಂಡರ್ ಮುಟ್ಟಬೇಡಿ.

ಹೊಸದಾಗಿ ವರ್ಕ್‌ಶಾಪ್ ಶುರು ಮಾಡುವವರು ಬಣ್ಣದ ಪೆಟ್ಟಿಗೆಯ ನೂರು ಉಪಕರಣಗಳ ಸೆಟ್ಟು ಕೊಳ್ಳುವ ಬದಲು ಅದೇ ದುಡ್ಡಿನಲ್ಲಿ ಒಳ್ಳೆಯ ಸುತ್ತಿಗೆ, ಎರಡು ಉಳಿ, ಮೂಲೆಮಟ್ಟ, ಹ್ಯಾಕ್ಸಾ, ಒಂದು ಡ್ರಿಲ್ ತರಲಿ. ಬೆಂಚ್ ವೈಸು ಗುಜರಿಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ, ಹಳೆಯದಾದರೂ ಕೆಲಸಕ್ಕೆ ಕೊರತೆಯಿಲ್ಲ. ಕೊಳ್ಳುವ ಮುನ್ನ ಅದನ್ನು ಪೂರ್ತಿ ಬಿಚ್ಚಿ ಒಳಗಿನ ಸ್ಕ್ರೂ ಎಳೆಗಳು ಸವೆದಿವೆಯೇ ನೋಡಿ. ದವಡೆಗಳನ್ನು ಮುಚ್ಚಿ ಬೆಳಕಿಗೆ ಹಿಡಿದರೆ ಒಂದೇ ಕಡೆ ಸಂದಿ ಕಾಣಬಾರದು. ಆಮೇಲೆ ಸ್ಪ್ಯಾನರಿನಿಂದ ಮೈಗೆ ಮೆಲ್ಲಗೆ ತಟ್ಟಿ. ಸರಿ ಇರುವ ಬೀಡು ಕಬ್ಬಿಣದ ದನಿ ಸ್ವಚ್ಛವಾಗಿರುತ್ತದೆ. ದನಿ ಒಡಕಾಗಿ ಬಂದರೆ ಬಣ್ಣದ ಕೆಳಗೆ ಎಲ್ಲೋ ಬಿರುಕಿರುವ ಅನುಮಾನ, ಎಷ್ಟೇ ಅಗ್ಗವಾಗಿದ್ದರೂ ಅಲ್ಲೇ ಬಿಟ್ಟು ಬನ್ನಿ.